ಕಾಯಕದಲ್ಲಿ ಉಪದೇಶದ ಧರ್ಮ

ಲೋಕದಲ್ಲಿ ಬೆಲೆಯಿಲ್ಲದೆ ದೊರೆಯುವ ವಸ್ತುಗಳಲ್ಲಿ ಬುದ್ಧಿವಾದವು ಅಗ್ರಗಣ್ಯವಾದುದು. ಕೊಡುವವನಿಗೆ ಅದರಿಂದ ವ್ಯಯವಿಲ್ಲ. ಕೊಳ್ಳುವವನು ಬೇಡವೆಂದರೂ ಅದು ಬಂದು ಮಡಿಲಿಗೆ ಬೀಳುವುದು. ಮನೆಯಲ್ಲಿ ಹಿರಿಯರು ಕಿರಿಯರಿಗೆ, ಶಾಲೆಯಲ್ಲಿ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ, ಕಚೇರಿಯಲ್ಲಿ ಮೇಲಧಿಕಾರಿಗಳು ಗುಮಾಸ್ತರಿಗೆ, ಕಾರ್ಖಾನೆಯಲ್ಲಿ ಯಜಮಾನರು ಕೆಲಸಗಾರರಿಗೆ ದಿನವೂ ಬುದ್ಧಿ ಹೇಳುತ್ತಲೇ ಇರುವರು. ಹೇಳಿದ ಮಾತು ಸತ್ಯವಾಗಿದ್ದರೂ, ಹಿತವಾಗಿದ್ದರೂ, ಮರುದಿನ ಅದೇ ತಪ್ಪು ಅದೇ ಸ್ಥಳದಲ್ಲಿ ಮತ್ತೆ ತಲೆದೋರುವುದು. ಆಗ ಹೇಳಿದವನು ಕೇಳಿದವನನ್ನು ಮೂಢನೆಂದು ಭಾವಿಸುವನು. ಕೇಳಿದವನು ಹೇಳಿದವನನ್ನು ಗರ್ವಿಯೆಂದು ಭಾವಿಸುವನು. ದೋಷವು ಇವರಿಬ್ಬರಲ್ಲಿ ಯಾರದು? ಅಥವಾ ಇಬ್ಬರದೂ ಆಗಿರದೆ ಉಪದೇಶಿಸಿದ ಕ್ರಮದಲ್ಲಿಯೇ ಇರುವುದೋ?

ಇದು ಮಾತಿನ ಜಾಣತನಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಾಯಕವನ್ನು ಪೂಜೆಯ ಪದವಿಗೇರಿಸಿದ ಶರಣರ ದೃಷ್ಟಿಯಲ್ಲಿ ಇದು ಧರ್ಮಕ್ಕೆ ಸಂಬಂಧಿಸಿದ ಪ್ರಶ್ನೆ. ಒಬ್ಬನ ಕಾಯಕದೊಳಗೆ ಮತ್ತೊಬ್ಬನು ಕೈಯಿಡುವಾಗ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು, ತನಗೆ ತಿಳಿದುದನ್ನು ಒಡನೆಯೇ ಹೇಳಿಬಿಡಬೇಕೋ, ಮಾಡುವವನೇ ಅದನ್ನು ಕಂಡುಕೊಳ್ಳುವಂತೆ ಮಾಡಬೇಕೋ ಎಂಬ ಜಿಜ್ಞಾಸೆ ಇಲ್ಲಿ ಅಡಗಿರುವುದು.

ಈ ಜಿಜ್ಞಾಸೆಗೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ ಮೊದಲಾದ ತಾಲ್ಲೂಕುಗಳ ಅನೇಕ ಮನೆಗಳಿಗೆ ರೇಷ್ಮೆಯೇ ಅನ್ನದ ಮೂಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯು ನಾಡಿನ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಹುಳು ಸಾಕುವ ರೈತನಿಂದ ನೂಲು ಬಿಚ್ಚುವ ಕೆಲಸಗಾರನವರೆಗೆ ಇಲ್ಲಿನ ಕಾಯಕವೆಲ್ಲ ಸೂಕ್ಷ್ಮವಾದುದು. ಒಂದು ದಿನದ ಅಲಕ್ಷ್ಯವು ಒಂದು ತಿಂಗಳ ದುಡಿಮೆಯನ್ನು ನುಂಗಿಬಿಡುವುದು. ಆದುದರಿಂದ ಇಲ್ಲಿ ಬುದ್ಧಿ ಹೇಳುವವರಿಗೂ ಕೊರತೆಯಿಲ್ಲ, ಬುದ್ಧಿವಾದದ ಫಲಾಫಲಗಳು ಪ್ರತ್ಯಕ್ಷವಾಗುವುದಕ್ಕೂ ತಡವಿಲ್ಲ.

ಒಂದು ಹುಳುಮನೆಯನ್ನು ಊಹಿಸಿಕೊಳ್ಳಬಹುದು. ರೇಷ್ಮೆಹುಳುವು ಮೊಟ್ಟೆಯೊಡೆದು ಗೂಡು ಕಟ್ಟುವ ಮುನ್ನ ಸುಮಾರು 25 ದಿನ ಸೊಪ್ಪು ತಿನ್ನುವುದು. ಆ ಅವಧಿಯಲ್ಲಿ 4 ಸಲ ಪೊರೆ ಕಳಚುವುದು. ಇದನ್ನೇ ರೈತರು ಹುಳು ಜ್ವರಕ್ಕೆ ಕೂರುವುದು ಎನ್ನುವರು. ಈ ಮನೆಯಲ್ಲಿ 4ನೆಯ ಜ್ವರದಿಂದೆದ್ದ ಹುಳುಗಳು ಮೇವನ್ನು ಸರಿಯಾಗಿ ತಿನ್ನದೆ ಬಾಡುತ್ತಿವೆ. ಸಪ್ಪೆ ರೋಗದ ಲಕ್ಷಣ ಕಾಣಿಸುತ್ತಿದೆ. ಸಲಹೆ ಕೊಡಲು ಬಂದ ಅಧಿಕಾರಿಯು ಬಾಗಿಲಲ್ಲಿಯೇ ನಿಂತು, ಗಾಳಿ ಸಾಲದು, ಸೊಪ್ಪು ಒಳ್ಳೆಯದಲ್ಲ, ಹಾಸಿಗೆ ಶುದ್ಧವಾಗಿಲ್ಲ, ಸುಣ್ಣ ಧೂಳೀಕರಿಸಿಲ್ಲ ಎಂದು ನಾಲ್ಕು ದೋಷಗಳನ್ನು ಎಣಿಸಿ, ನಾಲ್ಕು ವಿಧಿಗಳನ್ನು ವಿಧಿಸಿ ಹೊರಡುವನು. ರೈತನು ಕೈಕಟ್ಟಿ ನಿಂತು, "ಆಗಲಿ ಸ್ವಾಮಿ" ಎನ್ನುವನು. ಆ ಮಾತಿನಲ್ಲಿ ವಿನಯವಿದೆ, ಒಪ್ಪಿಗೆಯಿಲ್ಲ. ನಾಲ್ಕರಲ್ಲಿ ತನ್ನ ಮನೆಗೆ ತಗುಲುವ ದೋಷ ಯಾವುದೆಂದು ಅವನಿಗೆ ತಿಳಿಯಲಿಲ್ಲ, ಹೇಳಿದವನಿಗೂ ತಿಳಿಯಲಿಲ್ಲ.

ಅದೇ ಬಾಗಿಲಿಗೆ ಮತ್ತೊಬ್ಬನು ಬರುವನು. ಅವನು ತಟ್ಟೆಯ ಬಳಿ ಕುಳಿತು, "ಹುಳು ಎಲ್ಲವೂ ಒಟ್ಟಿಗೆ ಜ್ವರಕ್ಕೆ ಕೂತವೇನಪ್ಪಾ? ಎದ್ದ ಮೇಲೆ ಮೊದಲನೆಯ ಸೊಪ್ಪು ಯಾವಾಗ ಹಾಕಿದಿರಿ? ರಾತ್ರಿಯ ಮೇವು ಹಾಕುವವರು ಯಾರು?" ಎಂದು ಕೇಳುವನು. ಕಡೆಯ ಪ್ರಶ್ನೆಗೆ ರೈತನು ಒಳಗಿನ ಕಡೆ ನೋಡುವನು. ರಾತ್ರಿಯ ಮೇವು ಹಾಕುವವಳು ಮನೆಯೊಡತಿ. ಇದುವರೆಗೆ ಬುದ್ಧಿ ಹೇಳಲು ಬಂದವರಾರೂ ಅವಳನ್ನು ಮಾತನಾಡಿಸಿರಲಿಲ್ಲ. "ನೀವು ಹಾಕುವಾಗ ಸೊಪ್ಪು ಹೇಗಿರುತ್ತದಮ್ಮಾ?" ಎಂದು ಕೇಳಲು, ಅವಳು ಸ್ವಲ್ಪ ಯೋಚಿಸಿ, ಬಿಸಿಲೇರಿದ ಮೇಲೆ ಕೊಯ್ದ ಸೊಪ್ಪು ಮೂಲೆಯಲ್ಲಿ ರಾಶಿಯಾಗಿ ಬಿದ್ದಿರುವುದರಿಂದ ರಾತ್ರಿಯ ಹೊತ್ತಿಗೆ ಒಳಗೆ ಕೈಯಿಟ್ಟರೆ ಬೆಚ್ಚಗಿರುವುದೆಂದು ಹೇಳುವಳು. ಹೇಳುತ್ತಿದ್ದಂತೆಯೇ ಕಾರಣವು ಅವಳಿಗೆ ಹೊಳೆಯುವುದು. ಇನ್ನು ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ಯಬೇಕು, ರಾಶಿ ಹಾಕದೆ ಒದ್ದೆಗೋಣಿಯ ಮರೆಯಲ್ಲಿ ಸಡಿಲವಾಗಿಡಬೇಕು ಎಂಬುದನ್ನು ಬೇರೆಯವರು ವಿಧಿಸಬೇಕಾಗಿಲ್ಲ. ಅವಳ ಬಾಯಿಂದಲೇ ಅದು ಬಂದಿರುವುದು; ಆದುದರಿಂದ ನಾಳೆ ಅವಳ ಕೈಯಿಂದಲೂ ಅದು ನಡೆಯುವುದು.

ಈ ಎರಡನೆಯ ಕ್ರಮಕ್ಕೆ ಇಂದಿನ ಉದ್ಯೋಗಪ್ರಪಂಚದಲ್ಲಿ 'ಕೋಚಿಂಗ್' ಎಂಬ ಹೆಸರು ರೂಢವಾಗಿದೆ. ಪರೀಕ್ಷೆಗಾಗಿ ಪಾಠ ಹೇಳುವ ಕೋಚಿಂಗ್ ತರಗತಿಗೂ ಇದಕ್ಕೂ ಸಂಬಂಧವು ಹೆಸರಿನಲ್ಲಿ ಮಾತ್ರವೇ ಉಳಿದಿರುವುದು. ಹಂಗೇರಿ ದೇಶದ ಕೋಚ್ ಎಂಬ ಗ್ರಾಮದಲ್ಲಿ 15ನೆಯ ಶತಮಾನದಲ್ಲಿ ತಯಾರಾಗುತ್ತಿದ್ದ ಒಂದು ಬಗೆಯ ಬಂಡಿಗೆ ಆ ಊರಿನ ಹೆಸರೇ ನಿಂತಿತು. 1830ರ ದಶಕದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯ ಹೊಳೆ ದಾಟಿಸುವ ಖಾಸಗಿ ಉಪಾಧ್ಯಾಯನನ್ನು ವಿನೋದವಾಗಿ ಆ ಬಂಡಿಯ ಹೆಸರಿನಿಂದ ಕರೆದರು. ಕ್ರಮೇಣ ಅದು ಕ್ರೀಡಾಂಗಣಕ್ಕೆ ಬಂದಿತು. 1974ರಲ್ಲಿ ಟಿಮೊತಿ ಗಾಲ್ವೆ ಎಂಬ ಟೆನಿಸ್ ಶಿಕ್ಷಕನು, ಆಟಗಾರನಿಗೆ ನಿರಂತರವಾಗಿ ಆಜ್ಞೆ ಕೊಡುವುದಕ್ಕಿಂತ ಚೆಂಡಿನ ಮೇಲೆ ಅವನ ಗಮನವನ್ನು ನೆಲೆಗೊಳಿಸುವುದರಿಂದ ಆಟವು ಬೇಗ ತಿದ್ದಿಕೊಳ್ಳುವುದೆಂದು ಗ್ರಂಥಮುಖೇನ ತಿಳಿಸಿದನು. 1992ರಲ್ಲಿ ಜಾನ್ ವಿಟ್ಮೋರ್ ಎಂಬ ಆಂಗ್ಲನು ಇದೇ ತತ್ತ್ವವನ್ನು ಉದ್ಯೋಗಕ್ಕೆ ಅನ್ವಯಿಸಿ, ಗುರಿಯೇನು, ಈಗಿನ ಸ್ಥಿತಿಯೇನು, ತೆರೆದಿರುವ ದಾರಿಗಳೆಷ್ಟು, ಮಾಡುವ ಸಂಕಲ್ಪವೇನು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಪ್ರಶ್ನೆಗಳನ್ನು ಅಳವಡಿಸಿದ ಗ್ರಂಥವನ್ನು ಪ್ರಕಟಿಸಿದನು.

ಹೆಸರು ಹೊಸದಾದರೂ ತತ್ತ್ವವು ಭಾರತೀಯರಿಗೆ ಹೊಸದಲ್ಲ. ಬಂಡಿಯ ಮಾತು ಬಂದುದರಿಂದ ಸಾರಥಿಯನ್ನು ಸ್ಮರಿಸುವುದು ಉಚಿತ. ಎರಡು ಸೇನೆಗಳ ನಡುವೆ ರಥವನ್ನು ನಿಲ್ಲಿಸೆಂದು ರಥಿಕನು ಹೇಳಿದನು; ಸಾರಥಿಯು ಅಲ್ಲಿಯೇ ನಿಲ್ಲಿಸಿದನು. ಅಷ್ಟು ವಿಸ್ತಾರವಾದ ಉಪದೇಶವೆಲ್ಲ ಮುಗಿದ ಮೇಲೆಯೂ ಗೀತಾಚಾರ್ಯನು ಕೊನೆಯಲ್ಲಿ ಅರ್ಜುನನಿಗೆ, ಇದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ನಿರ್ಣಯವನ್ನು ಅವನಿಗೇ ಬಿಟ್ಟುಕೊಟ್ಟನು. ಸರ್ವಜ್ಞನಾದವನೇ ನಿರ್ಣಯವನ್ನು ಕಸಿದುಕೊಳ್ಳದಿರುವಾಗ ಅಲ್ಪಜ್ಞರಾದ ಮೇಸ್ತ್ರಿಗಳೂ ಮೇಲಧಿಕಾರಿಗಳೂ ಅದಕ್ಕೆ ಕೈಚಾಚುವುದು ಎಷ್ಟರಮಟ್ಟಿಗೆ ಯುಕ್ತ?

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ಇನ್ನೂ ನಿಕಟವಾದ ದೃಷ್ಟಾಂತವನ್ನು ಕೊಡುವುದು. ಭೃಗುವು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ಬೋಧಿಸೆಂದು ಕೇಳಿದಾಗ, ವರುಣನು ಬ್ರಹ್ಮದ ಲಕ್ಷಣವನ್ನು ಮಾತ್ರ ಹೇಳಿ, ತಪಸ್ಸಿನಿಂದ ಅರಿತುಕೊಳ್ಳೆಂದು ಕಳುಹಿಸಿದನು. ಮಗನು ಅನ್ನವೇ ಬ್ರಹ್ಮವೆಂದು ತಿಳಿದು ಬಂದನು. ಮತ್ತೆ ತಪಸ್ಸಿಗೆ ಹೋದನು. ಪ್ರಾಣವೆಂದು ಬಂದನು, ಮನಸ್ಸೆಂದು ಬಂದನು, ವಿಜ್ಞಾನವೆಂದು ಬಂದನು. ಕಡೆಗೆ ಆನಂದವೆಂದು ಅರಿತ ಬಳಿಕ ಮತ್ತೆ ಹೋಗಲಿಲ್ಲ. ತಂದೆಗೆ ಉತ್ತರ ಮೊದಲೇ ಗೊತ್ತಿದ್ದಿತು. ಅದನ್ನು ಒಂದೇ ಮಾತಿನಲ್ಲಿ ಹೇಳಿದ್ದರೆ ಮಗನಿಗೆ ಒಂದು ಶಬ್ದ ದೊರೆಯುತ್ತಿತ್ತೇ ಹೊರತು ಬ್ರಹ್ಮಜ್ಞಾನ ದೊರೆಯುತ್ತಿರಲಿಲ್ಲ. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ವರುಣನು ಬರಿಗೈಯಲ್ಲಿ ಮಗನನ್ನು ಕಳುಹಿಸಲಿಲ್ಲ. ಕಂಡುದು ಸರಿಯೋ ತಪ್ಪೋ ಎಂದು ಮಗನೇ ಒರೆಹಚ್ಚಿ ನೋಡುವುದಕ್ಕೆ ಲಕ್ಷಣವೆಂಬ ಒರೆಗಲ್ಲನ್ನು ಕೊಟ್ಟು ಕಳುಹಿಸಿದನು. ಕೆಲಸದಲ್ಲಿಯೂ ಹಿರಿಯನು ಕೊಡಬೇಕಾದುದು ಇದನ್ನೇ. ಒಳ್ಳೆಯ ನೂಲು ಹೇಗಿರಬೇಕು, ಒಳ್ಳೆಯ ಲೆಕ್ಕ ಹೇಗಿರಬೇಕು ಎಂಬ ಲಕ್ಷಣವನ್ನು ಅವನು ಸ್ಪಷ್ಟವಾಗಿ ಹೇಳಬೇಕು. ಅಲ್ಲಿಗೆ ತಲುಪುವ ಹೆಜ್ಜೆಗಳನ್ನು ಮಾಡುವವನಿಗೆ ಬಿಡಬೇಕು.

ಆಲಂಕಾರಿಕನಾದ ಮಮ್ಮಟನು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರಾಗಿ ವಿಂಗಡಿಸಿರುವನು. ರಾಜಾಜ್ಞೆಯಂತೆ ವಿಧಿಸುವುದು ವೇದ; ಮಿತ್ರನಂತೆ ತಿಳಿಯಹೇಳುವುದು ಪುರಾಣೇತಿಹಾಸ; ಕಾಂತೆಯಂತೆ ರಸಾರ್ದ್ರವಾಗಿಸಿ ಅಭಿಮುಖಗೊಳಿಸುವುದು ಕಾವ್ಯ. ಕೆಲಸದ ಸ್ಥಳದಲ್ಲಿ ಪ್ರಭುಸಮ್ಮಿತವೊಂದೇ ಬಳಕೆಯಲ್ಲಿರುವುದು ಸಾಮಾನ್ಯ. ಸಂಬಳ ಕೊಡುವವನು ಹೇಳುವನು, ಸಂಬಳ ಪಡೆಯುವವನು ಮಾಡುವನು. ಇದರಿಂದ ಕೆಲಸವೇನೋ ಸಾಗುವುದು. ಆದರೆ ಹೇಳುವವನು ಅತ್ತ ತಿರುಗಿದೊಡನೆ ಕೆಲಸವೂ ಅತ್ತ ತಿರುಗುವುದು.

ಶರಣರ ಕಾಯಕತತ್ತ್ವವು ಈ ಸಮಸ್ಯೆಯ ಬೇರನ್ನೇ ಮುಟ್ಟುವುದು. ದುಡಿಮೆಯೆಲ್ಲವೂ ಕಾಯಕವಲ್ಲ. ಸತ್ಯಶುದ್ಧವಾಗಿಯೂ, ಅರಿವಿನಿಂದ ಕೂಡಿಯೂ, ದಾಸೋಹಕ್ಕಾಗಿಯೂ ನಡೆಯುವ ದುಡಿಮೆಯು ಕಾಯಕವೆನಿಸುವುದು. ಅರಿವು ಒಬ್ಬನಲ್ಲಿ, ಕೈ ಮತ್ತೊಬ್ಬನಲ್ಲಿ ಎಂದು ವಿಭಾಗಿಸಿಬಿಟ್ಟರೆ, ಕೈಯುಳ್ಳವನಿಗೆ ಉಳಿಯುವುದು ಬರಿಯ ಆಯಾಸ. ಎಲ್ಲ ನಿರ್ಣಯಗಳನ್ನೂ ತಾನೇ ಹೇಳುವ ಯಜಮಾನನು ತನ್ನ ಕೆಲಸಗಾರನ ಕೂಲಿಯನ್ನು ಪೂರ್ತಿಯಾಗಿ ಕೊಟ್ಟರೂ ಅವನ ಕಾಯಕವನ್ನು ಅಪಹರಿಸಿರುವನು. ಈ ಮಾತು ಕಠಿನವಾಗಿ ತೋರಿದರೂ ವಿಚಾರಿಸಿದರೆ ಸತ್ಯವೆಂದು ತಿಳಿಯುವುದು. ದೀಕ್ಷಾಕಾಲದಲ್ಲಿ ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕೊಡುವನು. ಕೊಟ್ಟ ಬಳಿಕ ಅರ್ಚನೆಯನ್ನು ಶಿಷ್ಯನೇ ಮಾಡತಕ್ಕುದು, ಅವನ ಪರವಾಗಿ ಗುರುವು ಮಾಡುವಂತಿಲ್ಲ. ಹೊರಗಿನ ಗುರುವಾಗಿ ತೊಡಗಿದುದು ಒಳಗಿನ ಅರಿವಾಗಿ ನೆಲೆಗೊಳ್ಳಬೇಕೆಂಬುದೇ ಆ ಸಂಸ್ಕಾರದ ಅಭಿಪ್ರಾಯ. ಉದ್ಯೋಗದಲ್ಲಿ ಬುದ್ಧಿ ಹೇಳುವವನಿಗೂ ಇದೇ ಮಾದರಿ.

ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗವು ಕೆಲಸದ ವಿಷಯದಲ್ಲಿ ಬುದ್ಧಿ ಹೇಳುವುದು ಹೇಗೆಂಬುದಕ್ಕೆ ಅತ್ಯುತ್ತಮವಾದ ನಿದರ್ಶನ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಕೋಪಿಸಿಕೊಳ್ಳಲಿಲ್ಲ, ಕಾಯಕದ ನಿಯಮಗಳನ್ನು ಒಪ್ಪಿಸಲೂ ಇಲ್ಲ. ಅವಳ ವಚನಗಳು ಪ್ರಶ್ನೆಯ ರೂಪದಲ್ಲಿವೆ. ಆಸೆಯು ಶಿವಭಕ್ತರಿಗೆ ಒಪ್ಪುವುದೇ ಎಂದು ಅವಳು ಕೇಳಿದಳು. ಈ ಹೆಚ್ಚಳವು ಗಂಡನ ಮನಸ್ಸಿನಿಂದ ಬಂದುದೋ, ಬಸವಣ್ಣನವರು ಪರೀಕ್ಷಿಸಲೆಂದು ಮಾಡಿದುದೋ ಎಂದು ಕೇಳಿದಳು. ಪ್ರಶ್ನೆಯು ಮಾರಯ್ಯನನ್ನು ಅವನ ಮನಸ್ಸಿನ ಎದುರಿಗೇ ನಿಲ್ಲಿಸಿತು. ಅನಂತರ ಅವಳು ಅಕ್ಕಿಯನ್ನು ತಂದಲ್ಲಿಯೇ ಹಾಕಿ ಬರುವಂತೆ ಸ್ಪಷ್ಟವಾಗಿಯೂ ಹೇಳಿದಳು.

ಈ ಪ್ರಸಂಗದಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಕೇಳುವುದಕ್ಕೂ ಹೇಳುವುದಕ್ಕೂ ವಿರೋಧವಿಲ್ಲ. ಕೇಳುವುದು ಮೊದಲು, ಹೇಳುವುದು ಅನಂತರ ಎಂಬ ಕ್ರಮವಷ್ಟೇ ಮುಖ್ಯ. ಪ್ರಶ್ನೆಯಿಂದ ಮನಸ್ಸು ಹದವಾದ ಮೇಲೆ ಬಿದ್ದ ಮಾತು ಬೇರು ಬಿಡುವುದು. ಎರಡನೆಯದು, ಇಲ್ಲಿ ಬುದ್ಧಿ ಹೇಳಿದವಳು ಲೋಕದ ಎಣಿಕೆಯಲ್ಲಿ ಕೆಳಗಿನವಳು, ಕೇಳಿದವನು ಗಂಡ. ಪ್ರಶ್ನೆಯ ಹಾದಿ ಮೇಲಿನಿಂದ ಕೆಳಕ್ಕೆ ಮಾತ್ರವಲ್ಲ, ಕೆಳಗಿನಿಂದ ಮೇಲಕ್ಕೂ ತೆರೆದಿರಬೇಕು. ತನ್ನ ಗುಮಾಸ್ತನನ್ನು ಪ್ರಶ್ನಿಸುವ ಅಧಿಕಾರಿಯು ಗುಮಾಸ್ತನಿಂದ ಪ್ರಶ್ನಿಸಲ್ಪಡಲು ಸಿದ್ಧನಿಲ್ಲದಿದ್ದರೆ, ಅವನದು ಕೋಚಿಂಗ್ ಅಲ್ಲ, ವಿಚಾರಣೆ.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ತಿಳಿದವನು ತಿಳಿದುದನ್ನು ಮುಚ್ಚಿಟ್ಟುಕೊಂಡು, ತಿಳಿಯದವನನ್ನು ಪ್ರಶ್ನೆಗಳಿಂದ ಅಲೆದಾಡಿಸುವುದು ಕ್ರೌರ್ಯವಲ್ಲವೇ? ಅಷ್ಟರಲ್ಲಿ ಬೆಳೆ ಹಾಳಾದರೆ ನಷ್ಟವು ಯಾರಿಗೆ? ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಚಿಂತಾಮಣಿಯ ಕಡೆ ಟೊಮ್ಯಾಟೊ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ವಿಶೇಷವಾಗಿ ಬೆಳೆಯುವುವು. ಅವುಗಳಿಗೆ ಸಿಂಪಡಿಸಿದ ಕೀಟನಾಶಕವು ಗಾಳಿಯಲ್ಲಿ ತೇಲಿಬಂದು ಪಕ್ಕದ ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪನ್ನು ತಿಂದ ಹುಳುಗಳು ಸಾಯುವುವು. ರೈತನು ಅಂತಹ ಸೊಪ್ಪನ್ನು ತಟ್ಟೆಗೆ ಹಾಕಲು ಹೊರಟಿರುವಾಗ, "ನಿಮ್ಮ ಅಭಿಪ್ರಾಯವೇನು?" ಎಂದು ಕೇಳುತ್ತ ನಿಲ್ಲುವವನು ಉಪದೇಶಕನಲ್ಲ, ಅಪರಾಧಿ. ಅಲ್ಲಿ ಹೇಳಬೇಕಾದ ಮಾತು ಒಂದೇ: ಹಾಕಬೇಡ. ನೂಲು ಬಿಚ್ಚುವ ಘಟಕದ ಬಾಯ್ಲರಿನಲ್ಲಿ ಆವಿಯ ಒತ್ತಡ ಮಿತಿಮೀರಿದಾಗಲೂ, ಸೋಂಕುನಿವಾರಕವನ್ನು ಬರಿಗೈಯಲ್ಲಿ ಕಲಸಲು ಹೊರಟಾಗಲೂ ಪ್ರಭುಸಮ್ಮಿತವೇ ಧರ್ಮ. ಹಾಗೆಯೇ ನೆನ್ನೆ ಕೆಲಸಕ್ಕೆ ಸೇರಿದವನಿಗೆ ಮೊದಲು ಪಾಠ ಬೇಕು, ಪ್ರಶ್ನೆಯಲ್ಲ. ಒಳಗೆ ಅನುಭವದ ಸಂಗ್ರಹವಿಲ್ಲದವನನ್ನು ಪ್ರಶ್ನಿಸಿದರೆ ಅವನಿಗೆ ದೊರೆಯುವುದು ನಾಚಿಕೆ ಮಾತ್ರ. ಆದುದರಿಂದ ಸಿದ್ಧಾಂತವಿದು: ಆಪತ್ತಿನಲ್ಲಿ ಆಜ್ಞೆ, ಆರಂಭದಲ್ಲಿ ಬೋಧೆ, ಅಭ್ಯಾಸವಾದವನಲ್ಲಿ ಪ್ರಶ್ನೆ. ಮೂರನ್ನೂ ಕಾಲವರಿತು ಬಳಸುವವನು ಜಾಣ. ಒಂದನ್ನೇ ಹಿಡಿದು ಕುಳಿತವನು, ಆ ಒಂದು ಪ್ರಶ್ನೆಯೇ ಆಗಿದ್ದರೂ, ಹಠವಾದಿ.

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ಪ್ರಶ್ನೆಯೆಂಬುದು ಆಜ್ಞೆಯ ವೇಷವಾಗಿರಬಹುದು. ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು, ಅದು ಎದುರಿನವನ ಬಾಯಿಂದ ಬರುವವರೆಗೆ ಕೇಳುತ್ತಲೇ ಇರುವ ಮೇಲಧಿಕಾರಿಗಳುಂಟು. ಬಂದ ಮೇಲೆ, "ನೀನೇ ಒಪ್ಪಿಕೊಂಡೆಯಲ್ಲ" ಎಂದು ಹೊಣೆಯನ್ನು ಅವನ ತಲೆಗೆ ಕಟ್ಟುವವರೂ ಉಂಟು. ಇದು ಉಪಾಯವೇ ಹೊರತು ಉಪದೇಶವಲ್ಲ. ಹೇಳಿ ತಪ್ಪಿಸಿದರೆ ಹೇಳಿದವನ ಮೇಲೆ ಹೊಣೆಯಾದರೂ ಇರುತ್ತಿತ್ತು; ಈ ಕಪಟಪ್ರಶ್ನೆಯಲ್ಲಿ ಅದೂ ಇಲ್ಲ. ಆದುದರಿಂದ ಪ್ರಶ್ನೆಯ ಪ್ರಾಮಾಣಿಕತೆಗೆ ಒಂದೇ ಪರೀಕ್ಷೆ: ತಾನು ಎಣಿಸದಿದ್ದ ಉತ್ತರ ಬಂದಾಗ ಕೇಳಿದವನು ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಳ್ಳಲು ಸಿದ್ಧನಿರುವನೇ ಇಲ್ಲವೇ?

ನೂಲು ಬಿಚ್ಚುವ ಘಟಕದಲ್ಲಿ ಎಳೆ ಪದೇ ಪದೇ ಕಡಿಯುತ್ತಿದೆಯೆಂದಿಟ್ಟುಕೊಳ್ಳೋಣ. ಕೆಲಸಗಾರನ ಕೈ ಒರಟೆಂದು ಯಜಮಾನನ ನಿಶ್ಚಯ. ಎಳೆ ಯಾವ ಹೊತ್ತಿನಲ್ಲಿ ಹೆಚ್ಚಾಗಿ ಕಡಿಯುವುದೆಂದು ಅವನು ಕೇಳಿದರೆ, ಕೊಳವೆಬಾವಿಯ ನೀರು ಗಡುಸಾದುದೆಂದೂ, ಬಾಣಲೆಯ ನೀರನ್ನು ಬದಲಾಯಿಸದೆ ಬಹಳ ಹೊತ್ತಾದ ಮೇಲೆ ಗೂಡು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲವೆಂದೂ ಕೆಲಸಗಾರನು ಹೇಳಿಯಾನು. ನೀರಿನ ಖರ್ಚಿಗೆ ಹಿಂಜರಿದವನು ಯಜಮಾನನೇ ಆಗಿದ್ದರೆ, ಉತ್ತರವು ಅವನ ಕಡೆಗೇ ತಿರುಗುವುದು. ಆ ಗಳಿಗೆಯಲ್ಲಿ ಅವನು ಮುಖ ಸಿಂಡರಿಸಿಕೊಂಡರೆ, ಮುಂದೆ ಆ ಘಟಕದಲ್ಲಿ ಯಾವ ಪ್ರಶ್ನೆಗೂ ನಿಜವಾದ ಉತ್ತರ ಬರುವುದಿಲ್ಲ.

ನಿಜವಾದ ಉತ್ತರಕ್ಕೆ ನಿರ್ಭಯತೆಯು ಪೂರ್ವಾಂಗ. ಯಜಮಾನನಿಂದ ಮುಂಗಡ ಪಡೆದು, ಆ ಋಣದಲ್ಲಿಯೇ ದುಡಿಯುತ್ತಿರುವವನಿಗೆ ಯಜಮಾನನ ಪ್ರಶ್ನೆಯೆಲ್ಲವೂ ಸಾಲಗಾರನ ಪ್ರಶ್ನೆಯಂತೆಯೇ ಕೇಳಿಸುವುದು. ಅವನು ಹಿತವಾದುದನ್ನು ಹೇಳುವನೇ ಹೊರತು ಸತ್ಯವಾದುದನ್ನು ಹೇಳಲಾರನು. ಭಾಷೆಯೂ ಹಾಗೆಯೇ. ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗು ಮನೆಮಾತಾಗಿರುವ ಕುಟುಂಬಗಳು ಹೇರಳವಾಗಿವೆ. ಶಿಡ್ಲಘಟ್ಟದ ರೇಷ್ಮೆಯ ಕೆಲಸದಲ್ಲಿ ಉರ್ದು ಮಾತನಾಡುವವರೂ ಅನೇಕರು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ತತ್ತ್ವಪದಗಳನ್ನು ಹಾಡಿದರು. ಕೇಳುವವನ ಮಾತಿನಲ್ಲಿ ಹೇಳದ ತತ್ತ್ವವು ಅವನ ಎದೆಯನ್ನು ಮುಟ್ಟದಷ್ಟೆ. ಆಜ್ಞೆಯನ್ನು ಯಾವ ಭಾಷೆಯಲ್ಲಾದರೂ ಹೇಳಿ ಮಾಡಿಸಬಹುದು. ಆದರೆ ಮನುಷ್ಯನು ಯೋಚಿಸುವುದು ತನ್ನ ಭಾಷೆಯಲ್ಲಿ. ಯೋಚನೆಯನ್ನು ಕೇಳಬಯಸುವವನು ಆ ಭಾಷೆಗೆ ಕಿವಿಗೊಡಬೇಕು.

ಒಬ್ಬಿಬ್ಬರ ನಡುವಿನ ಈ ಮಾತು ದೊಡ್ಡ ವ್ಯವಸ್ಥೆಗಳಿಗೂ ಅನ್ವಯಿಸುವುದು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಭಾರತದ ಅನೇಕ ರಾಜ್ಯಗಳಲ್ಲಿ 'ತರಬೇತಿ ಮತ್ತು ಭೇಟಿ' ಎಂಬ ಕೃಷಿ ವಿಸ್ತರಣಾ ಪದ್ಧತಿಯು ಬಂದಿತು. ಗೊತ್ತಾದ ದಿನದಂದು ಕಾರ್ಯಕರ್ತನು ಊರಿಗೆ ಬಂದು, ಮೇಲಿನಿಂದ ಬಂದ ಸಂದೇಶವನ್ನು ರೈತರಿಗೆ ಮುಟ್ಟಿಸಬೇಕು. ಅದರಲ್ಲಿ ಶಿಸ್ತಿದ್ದಿತು, ಆದರೆ ಸಂದೇಶವು ಒಂದೇ ದಿಕ್ಕಿನಲ್ಲಿ ಹರಿಯುತ್ತಿದ್ದಿತು. ಇದಕ್ಕೆ ಭಿನ್ನವಾಗಿ 1989ರಲ್ಲಿ ಇಂಡೋನೇಷ್ಯಾದಲ್ಲಿ ಬತ್ತದ ರೈತರಿಗಾಗಿ 'ಕ್ಷೇತ್ರಪಾಠಶಾಲೆ'ಗಳು ಆರಂಭವಾದುವು. ಕೀಟನಾಶಕದಿಂದ ಜಿಗಿಹುಳುವಿನ ಶತ್ರುಗಳೇ ಸತ್ತು, ಜಿಗಿಹುಳು ಮತ್ತಷ್ಟು ಹೆಚ್ಚುತ್ತಿದ್ದ ಕಾಲವದು. ಅಲ್ಲಿ ಶಿಕ್ಷಕನು ಉತ್ತರ ಹೇಳಲಿಲ್ಲ. ರೈತರೇ ವಾರಕ್ಕೊಮ್ಮೆ ಗದ್ದೆಗಿಳಿದು, ಪೈರನ್ನು ತಿನ್ನುವ ಹುಳುವೆಷ್ಟು, ಆ ಹುಳುವನ್ನು ತಿನ್ನುವ ಜೇಡವೆಷ್ಟು ಎಂದು ಎಣಿಸಿ, ಚಿತ್ರ ಬರೆದು, ತಮ್ಮತಮ್ಮಲ್ಲಿ ಚರ್ಚಿಸಿ, ಔಷಧಿ ಬೇಕೇ ಬೇಡವೇ ಎಂದು ನಿರ್ಣಯಿಸಿದರು. ಈ ಪದ್ಧತಿಯು ಮುಂದೆ ಭಾರತವೂ ಸೇರಿದಂತೆ ಅನೇಕ ದೇಶಗಳಿಗೆ ಹರಡಿತು.

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಹುಟ್ಟಿದ ಇಬ್ಬರು ಮಹನೀಯರ ಬಾಳಿನಲ್ಲಿಯೂ ಈ ತತ್ತ್ವದ ಎರಡು ಮುಖಗಳು ಕಾಣುವುವು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟುನಿಟ್ಟಿನ ಆಡಳಿತಕ್ಕೆ ಹೆಸರಾದವರು. ಅಂತಹವರೇ ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಸಂಪದಭ್ಯುದಯ ಸಮಾಜದ ಸ್ಥಾಪನೆಗೆ ಪ್ರೇರಕರಾದರು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯಗಳ ವಿಷಯದಲ್ಲಿ ಅಧಿಕಾರಿಗಳೊಡನೆ ಅಧಿಕಾರಿಗಳಲ್ಲದವರೂ ಕುಳಿತು ಆಲೋಚಿಸುವ ಏರ್ಪಾಡು ಅದು. ಆಜ್ಞಾಪಿಸಬಲ್ಲವರಿಗೂ ಕೇಳುವುದು ಅವಶ್ಯವೆಂಬುದಕ್ಕೆ ಅದು ಸಾಕ್ಷಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿ 2005ರಲ್ಲಿ ನಿಧನರಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸುವುದನ್ನೇ ವಿದ್ಯಾಭ್ಯಾಸದ ಜೀವವೆಂದು ಭಾವಿಸಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ಗೌರಿಬಿದನೂರು, ಬಾಗೇಪಲ್ಲಿಗಳಂತಹ ಊರುಗಳಿಗೂ ಕಾಲೇಜು ಶಿಕ್ಷಣವನ್ನು ತಂದರು. ಅವರ ವಿಚಾರವಾದದ ಎಲ್ಲ ನಿರ್ಣಯಗಳನ್ನೂ ಆಸ್ತಿಕರು ಒಪ್ಪದಿರಬಹುದು. ಆದರೆ ಕೇಳದೆ ಒಪ್ಪಿದುದು ತನ್ನದಾಗುವುದಿಲ್ಲವೆಂಬ ಮೂಲತತ್ತ್ವವು ಅನುಭವಮಂಟಪದ ಆಸ್ತಿಯೂ ಹೌದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಸಭೆಯಲ್ಲಿ ಕಠಿನವಾಗಿ ಪ್ರಶ್ನಿಸಿದುದು ಅವಳನ್ನು ತಗ್ಗಿಸುವುದಕ್ಕಲ್ಲ. ಅವಳೊಳಗಿನ ಅರಿವು ಸಭೆಗೆ ಪ್ರಕಟವಾಗುವುದಕ್ಕೆ. ಪ್ರಶ್ನೆಗಳ ಕೊನೆಯಲ್ಲಿ ಅವಳು ಆ ಸಭೆಗೆ ಅಕ್ಕನಾದಳು.

ಹಾಗಾದರೆ ಈ ಮಾರ್ಗದಲ್ಲಿ ಕಷ್ಟವಾದುದು ಯಾವುದು? ಪ್ರಶ್ನೆಗಳನ್ನು ಕಲಿಯುವುದು ಕಷ್ಟವಲ್ಲ. ಕೇಳಿದ ಮೇಲೆ ಸುಮ್ಮನಿರುವುದು ಕಷ್ಟ. ಎದುರಿನವನು ತಡವರಿಸುತ್ತಿರುವಾಗ ತನಗೆ ಗೊತ್ತಿರುವ ಉತ್ತರವು ನಾಲಗೆಯ ತುದಿಗೆ ಬಂದು ನಿಲ್ಲುವುದು. ಅದನ್ನು ನುಡಿದುಬಿಟ್ಟರೆ ತನ್ನ ಜ್ಞಾನಕ್ಕೆ ಮನ್ನಣೆ ಬರುವುದು. ನುಡಿಯದೆ ಕಾದರೆ ಎದುರಿನವನ ಜ್ಞಾನಕ್ಕೆ ಜನ್ಮ ಬರುವುದು. ಎರಡನೆಯದನ್ನು ಆರಿಸಿಕೊಳ್ಳುವವನಿಗೆ ಪ್ರತಿಫಲವಾಗಿ ಹೊಗಳಿಕೆಯೂ ದೊರೆಯದು. ಯಾಕೆಂದರೆ ಕೆಲಸ ಚೆನ್ನಾದಾಗ ಮಾಡಿದವನು ತಾನೇ ಮಾಡಿದೆನೆನ್ನುವನು. ಅದು ಸತ್ಯವೂ ಹೌದು. ತನ್ನ ಹೆಸರು ಅಳಿಸಿಹೋಗುವುದನ್ನು ಸಂತೋಷದಿಂದ ನೋಡಬಲ್ಲವನಿಗೆ ಮಾತ್ರ ಈ ಬಗೆಯ ಉಪದೇಶ ಸಾಧ್ಯ. ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ, ನೀಡಿದೆನೆಂಬ ಭಾವವನ್ನು ನೀಗುವುದೆಂದು ಶರಣರು ತೋರಿಸಿಕೊಟ್ಟರಷ್ಟೆ. ಜ್ಞಾನದ ದಾಸೋಹಕ್ಕೂ ಅದೇ ನಿಯಮ.

ಶಿಡ್ಲಘಟ್ಟದ ಕೆಲಸಗಾರನು ಗೂಡಿನೊಳಕ್ಕೆ ರೇಷ್ಮೆಯನ್ನು ತುಂಬುವುದಿಲ್ಲ. ನೂರಾರು ಮೀಟರು ಉದ್ದದ ಎಳೆಯು ಒಳಗೇ ಸುತ್ತಿಕೊಂಡಿರುವುದು. ಬಿಸಿನೀರಿನಲ್ಲಿ ಅಂಟನ್ನು ಹದವಾಗಿ ಸಡಿಲಿಸಿ, ತುದಿಯನ್ನು ಹುಡುಕಿ ಎತ್ತಿಕೊಡುವುದಷ್ಟೇ ಅವನ ಕೆಲಸ. ನೀರು ಬಿಸಿ ಸಾಲದಿದ್ದರೆ ಗೂಡು ಬಿಚ್ಚದು, ಬಿಸಿ ಮಿತಿಮೀರಿದರೆ ಎಳೆಯು ಹಾಳಾಗುವುದು. ಮೇಲಿನ ಸ್ಥಾನದಲ್ಲಿ ಕುಳಿತು ಪ್ರತಿದಿನವೂ ನಾಲ್ಕು ಜನರಿಗೆ ಬುದ್ಧಿ ಹೇಳಬೇಕಾದ ಸಹೃದಯರು ಒಂದು ವಾರದ ಮಟ್ಟಿಗೆ ಈ ನಿಯಮವನ್ನು ಆಚರಿಸಿ ನೋಡಬಹುದು. ಆಪತ್ತಿಲ್ಲದ ಕಡೆ, ಕೆಲಸ ಬಲ್ಲವನ ಮುಂದೆ, ಹೇಳುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕು. ಅದಕ್ಕೆ ಬಂದ ಉತ್ತರವನ್ನು ಮಧ್ಯೆ ಕಡಿಯದೆ ಪೂರ್ತಿಯಾಗಿ ಆಲಿಸಬೇಕು. ಆ ಉತ್ತರದಲ್ಲಿ ತನ್ನ ತಪ್ಪೇನಾದರೂ ಕಂಡರೆ ಅದನ್ನು ಮೊದಲು ತಿದ್ದಿಕೊಳ್ಳಬೇಕು. ಅನಂತರವೂ ಹೇಳಬೇಕಾದುದು ಉಳಿದಿದ್ದರೆ ಲಕ್ಕಮ್ಮನಂತೆ ಸ್ಪಷ್ಟವಾಗಿ ಹೇಳಲಿ. ಆ ಮಾತನ್ನು ಕೇಳುವವನೂ ಆಗ ಸಿದ್ಧನಾಗಿರುವನು.